ಬೆನ್ನು ಹಚ್ಚಿ ಮಲಗುವುದನ್ನು ಕಲಿತ ಮೇಲೆ: ತಾಲೀಮಿನಿಂದ ಕೇಜ್‌ವರೆಗೆ ನನ್ನ ಅನುಭವ

ಕಳೆದ ತಿಂಗಳು ಎಂಎಂಎಯಲ್ಲಿ, ಅಂದರೆ ತಂತಿ ಜಾಲಿ ಕಟ್ಟಿದ ಕೇಜ್‌ನೊಳಗೆ ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿಸಿ ಆಡುವ ಆಟದಲ್ಲಿ, ಗೆದ್ದದ್ದು ಸತತ ಮೂರನೆಯ ಪಂದ್ಯ. ಎರಡನೆಯ ರೌಂಡ್‌ನಲ್ಲಿ ಎದುರಾಳಿಯನ್ನು ಜಾಲಿಗೆ ಒತ್ತಿ, ಕೆಡವಿ, ಮೇಲೆ ಕುಳಿತು ಗುದ್ದಿದೆ. ರೆಫರಿ ಬಂದು ನನ್ನನ್ನು ಎಳೆದಾಗ ಇನ್ನೂ ಒಂದೂವರೆ ನಿಮಿಷ ಉಳಿದಿತ್ತು. ಗೆದ್ದದ್ದಕ್ಕಿಂತ, ಕಲಬುರಗಿಯ ತಾಲೀಮಿನಲ್ಲಿಯೇ, ಅಂದರೆ ನಮ್ಮ ಕುಸ್ತಿ ಗರಡಿಯಲ್ಲಿಯೇ, ತಯಾರಾಗಿ ಹೋಗಿ ಗೆದ್ದೆ ಎಂಬುದು ನನಗೆ ದೊಡ್ಡದು. ಮೂರು ವರ್ಷದ ಹಿಂದೆ ಬೆಂಗಳೂರಿನ ಕೋಚ್ ಒಬ್ಬರು, "ನಿಮ್ಮ ಕುಸ್ತಿಯನ್ನು ಮರೆತುಬಿಡಿ, ಎರಡು ವರ್ಷ ಬಾಕ್ಸಿಂಗ್ ಕಲಿಯಿರಿ, ಆಮೇಲೆ ನೋಡೋಣ" ಎಂದಿದ್ದರು. ಊರಿನವರು, "ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕು, ಈ ಹೊಡೆದಾಟ ಯಾಕೆ?" ಎಂದಿದ್ದರು. ಈಗ ಅದೇ ಜನ ಮಕ್ಕಳನ್ನು ಕರೆದುಕೊಂಡು ಬಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಖಾಡದಲ್ಲಿ ಆಡಿದವರಿಗೆ ಹೇಳುವ ಮಾತು ಇದು. ಪಟ್ಟುಗಳ ವಿವರಣೆ ಬೇಕಾಗುವುದಿಲ್ಲ.

ಬಿ.ಎ. ಓದುವಾಗ 65 ಕೆ.ಜಿ. ಫ್ರೀಸ್ಟೈಲ್‌ನಲ್ಲಿ ಎರಡು ಸಲ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗಿದ್ದೆ. ಹೋಳಿಯಿಂದ ಬಸವ ಜಯಂತಿಯವರೆಗೆ ಜಾತ್ರೆ ಕುಸ್ತಿ. ತೆಂಗಿನಕಾಯಿ ಕುಸ್ತಿಯಿಂದ ಬೆಳ್ಳಿ ಕಡಗದ ಕುಸ್ತಿಯವರೆಗೆ ಎಲ್ಲವನ್ನೂ ಆಡಿದ್ದೇನೆ. ಒಳ್ಳೆಯ ಹಂಗಾಮಿನಲ್ಲಿ ಐವತ್ತು ಅರವತ್ತು ಸಾವಿರ ಕೈಗೆ ಬರುತ್ತಿತ್ತು. ಅದನ್ನು ಬಿಟ್ಟು ಬೆಂಗಳೂರಿಗೆ ಹೋದೆ. ಪಿ.ಜಿ., ಜಿಮ್ ಶುಲ್ಕ, ಊಟ ಎಲ್ಲ ಸೇರಿ ತಿಂಗಳಿಗೆ ಹೆಚ್ಚುಕಡಿಮೆ ಇಪ್ಪತ್ತು ಸಾವಿರ. ಹದಿಮೂರು ತಿಂಗಳು ಇದ್ದೆ. ಎರಡೂವರೆ ಲಕ್ಷ ದಾಟಿತು. ಅದರಲ್ಲಿ ಅಪ್ಪ ಒಂದು ವರ್ಷದ ತೊಗರಿ ಮಾರಿ ಕೊಟ್ಟ ಹಣವೂ ಇತ್ತು. ಆ ಲೆಕ್ಕ ನೆನೆದರೆ ಈಗಲೂ ಎದೆ ಭಾರವಾಗುತ್ತದೆ.

ಅಲ್ಲಿ ಹೇಳಿದಂತೆ ಬಾಕ್ಸಿಂಗ್ ಕಲಿತೆ. ಕೈ ಚುರುಕಾಯಿತು, ಆದರೆ ನಿಲುವು ಎತ್ತರವಾಯಿತು. ಕುಸ್ತಿಯೂ ಹೋಯಿತು, ಬಾಕ್ಸಿಂಗೂ ಪೂರ್ತಿ ಬರಲಿಲ್ಲ. ಮೊದಲ ಹವ್ಯಾಸಿ ಪಂದ್ಯದಲ್ಲಿ ಗುದ್ದಿನ ಭಯಕ್ಕೆ ಹಳೆಯ ಅಭ್ಯಾಸ ಎದ್ದು ಬಂತು. ಎರಡೂ ಕಾಲಿಗೆ ನುಗ್ಗಿದೆ. ತಲೆ ಹೊರಗೆ, ಮುಖ ಕೆಳಗೆ. ನಾವು ಕಾಲೇಜಿನಲ್ಲಿ ಮಾಡುತ್ತಿದ್ದದ್ದು ಹಾಗೆಯೇ. ನನ್ನ ಕುತ್ತಿಗೆ ನೇರವಾಗಿ ಎದುರಾಳಿಯ ಕಂಕುಳಿಗೆ ಹೋಯಿತು. ಗಿಲೊಟಿನ್, ಕಂಕುಳಲ್ಲಿ ಕುತ್ತಿಗೆ ಹಿಸುಕುವ ಪಟ್ಟು. ಒಂದು ನಿಮಿಷವೂ ಆಗಿರಲಿಲ್ಲ, ಕೈ ತಟ್ಟಿ ಸೋಲೊಪ್ಪಿದೆ.

ಎರಡನೆಯ ಪಾಠ ಇನ್ನೂ ದುಬಾರಿ. ವೃತ್ತಿಪರ ಮೊದಲ ಪಂದ್ಯವನ್ನು ಬ್ಯಾಂಟಮ್‌ವೇಟ್‌ನಲ್ಲಿ, ಅಂದರೆ 61.2 ಕೆ.ಜಿ.ಗೆ ಒಪ್ಪಿಕೊಂಡೆ. ನನ್ನ ಸಹಜ ತೂಕ 70ರ ಮೇಲೆ. ಕುಸ್ತಿಯಲ್ಲಿ ಅದೇ ದಿನ ಬೆಳಿಗ್ಗೆ ತೂಕ ಕೊಟ್ಟು ಆಡುತ್ತೇವೆ. ಇಲ್ಲಿ ಹಿಂದಿನ ದಿನವೇ ತೂಕ, ಒಂದು ರಾತ್ರಿಯಲ್ಲಿ ಮತ್ತೆ ತುಂಬಿಕೊಳ್ಳಬಹುದು ಎಂದು ಲೆಕ್ಕ ಹಾಕಿದ್ದೆ. ಒಂಬತ್ತು ಕಿಲೋ ಇಳಿಸಿದವನ ಮೈಯಲ್ಲಿ ಏನೂ ತುಂಬಲಿಲ್ಲ. ಎರಡನೆಯ ರೌಂಡ್‌ಗೆ ತೊಡೆಗಳು ನನ್ನವಾಗಿರಲಿಲ್ಲ. ಒಂದು ಗುದ್ದಿಗೆ ಕಾಲು ಜಾರಿ ಬಿದ್ದೆ. ಬಿದ್ದ ಕೂಡಲೇ ದೇಹ ತಾನಾಗಿಯೇ ಹೊಟ್ಟೆಯ ಮೇಲೆ ಹೊರಳಿತು. ಹದಿಮೂರು ವರ್ಷ ಬೆನ್ನು ಮಣ್ಣಿಗೆ ತಾಗಬಾರದು ಎಂದು ಕಲಿತ ದೇಹ ಇನ್ನೇನು ಮಾಡೀತು? ಎದುರಾಳಿ ಬೆನ್ನೇರಿದ, ಕಾಲು ಹೆಣೆದ, ಗದ್ದದ ಕೆಳಗೆ ಮುಂಗೈ ತೂರಿಸಿ ಕುತ್ತಿಗೆ ಹಿಸುಕಿದ. ಆ ಪಂದ್ಯಕ್ಕೆ ಸಿಕ್ಕದ್ದು ಹದಿನೈದು ಸಾವಿರ. ಗೆದ್ದಿದ್ದರೆ ಇನ್ನೂ ಹದಿನೈದು ಬರುತ್ತಿತ್ತು. ಎಚ್‌ಐವಿ, ಹೆಪಟೈಟಿಸ್ ರಕ್ತ ಪರೀಕ್ಷೆ, ಕಣ್ಣಿನ ತಪಾಸಣೆ, ರೈಲು, ಆಹಾರ ಎಲ್ಲ ಕಳೆದು ನಾಲ್ಕು ಸಾವಿರ ಉಳಿದಿರಬೇಕು.

ಊರಿಗೆ ವಾಪಸು ಬಂದು ಎರಡು ವಾರ ಮನೆಯಲ್ಲಿ ಮಲಗಿದ್ದೆ. ಮೊಬೈಲ್‌ನಲ್ಲಿ ಆ ಎರಡು ಸೋಲನ್ನೇ ನೂರಾರು ಸಲ ನೋಡಿದೆ. ರೀತು ಫೋಗಟ್ ಅವರ ಪಂದ್ಯಗಳನ್ನೂ ನೋಡಿದೆ. 2019ರಲ್ಲಿ ಕುಸ್ತಿಯಿಂದ ಬಂದು ಒಂದಾದ ಮೇಲೊಂದು ಗೆದ್ದವರು, 2021ರ ಡಿಸೆಂಬರ್‌ನಲ್ಲಿ ಒನ್ ಚಾಂಪಿಯನ್‌ಶಿಪ್ ಪಂದ್ಯಾವಳಿಯ ಫೈನಲ್‌ನಲ್ಲಿ ಥಾಯ್ಲೆಂಡಿನ ಸ್ಟಾಂಪ್ ಫೇರ್‌ಟೆಕ್ಸ್ ಅವರ ಆರ್ಮ್‌ಬಾರ್‌ಗೆ, ಅಂದರೆ ತೋಳು ಹಿಡಿದು ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಪಟ್ಟಿಗೆ, ಸಿಕ್ಕಿ ಎರಡನೆಯ ರೌಂಡ್‌ನಲ್ಲಿ ಸೋತರು. ಅಷ್ಟು ದೊಡ್ಡ ಕುಸ್ತಿಪಟುವಿಗೂ ಪೆಟ್ಟು ಬಿದ್ದದ್ದು ನೆಲದ ಮೇಲೆಯೇ. ಆಗ ನನಗೆ ಖಾತ್ರಿಯಾಯಿತು: ನಮಗೆ ಮೊದಲು ಬೇಕಾದದ್ದು ಬಾಕ್ಸಿಂಗ್ ಅಲ್ಲವೇ ಅಲ್ಲ. ಎರಡು ಅಭ್ಯಾಸ ಬಿಡಬೇಕು. ಒಂದು, ತಲೆ ತಗ್ಗಿಸಿ ನುಗ್ಗುವುದು. ಎರಡು, ಬಿದ್ದಾಗ ಹೊರಳಿ ಬೆನ್ನು ಕೊಡುವುದು. ಉಳಿದ ಕುಸ್ತಿ ಹಾಗೆಯೇ ಇರಲಿ.

ತಾಲೀಮಿನ ಗುರು ವಸ್ತಾದರಿಗೆ ಹೇಳಿದೆ. "ತಮ್ಮಾ, ಹನುಮಪ್ಪನ ಮುಂದೆ ಬೆನ್ನು ಹಚ್ಚಿ ಮಲಗುತ್ತೀಯಾ?" ಎಂದರು. ಸಿಟ್ಟಿಗಿಂತ ನೋವು ಹೆಚ್ಚಿತ್ತು ಆ ದನಿಯಲ್ಲಿ. ನಾನು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಹೋದಾಗ ಹೊರಗಿನ ಪಡಸಾಲೆಯನ್ನು ಗುಡಿಸಿಟ್ಟಿದ್ದರು. "ಒಳಗೆ ಮಣ್ಣಿನಲ್ಲಿ ಬೇಡ. ಇಲ್ಲಿ ಏನು ಬೇಕಾದರೂ ಮಾಡು" ಎಂದು ಒಳಗೆ ಹೋದರು.

ಆ ಪಡಸಾಲೆಗೆ ಹಳೆಯ ಮ್ಯಾಟ್ ಹಾಕಿಸಿದೆ, ಇಪ್ಪತ್ತೆರಡು ಸಾವಿರವೋ ಏನೋ. ಪ್ರತಿದಿನ ಇಪ್ಪತ್ತು ನಿಮಿಷ ಬೆನ್ನ ಮೇಲೆ ಮಲಗಿಯೇ ಶುರು. ತಾಲೀಮಿನ ಹುಡುಗನೊಬ್ಬ ಎದೆಯ ಮೇಲೆ ಕೂರುತ್ತಾನೆ, ನಾನು ಹೊಟ್ಟೆಯ ಮೇಲೆ ಹೊರಳದೆ ಏಳಬೇಕು. ಮೊಣಕೈ ನೆಲಕ್ಕೆ, ಸೊಂಟ ಪಕ್ಕಕ್ಕೆ, ಕಂಕುಳ ಕೆಳಗೆ ಕೈ, ಆಮೇಲೆ ಗೋಡೆ. ಮೊದಲ ತಿಂಗಳು ಹತ್ತರಲ್ಲಿ ಎಂಟು ಸಲ ಹೊರಳುತ್ತಿದ್ದೆ. ಹೊರಳಿದಾಗೆಲ್ಲ ಐವತ್ತು ಬೈಠಕ್ ಎಂದು ನಾನೇ ದಂಡ ಹಾಕಿಕೊಂಡೆ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಒಮ್ಮೆಯೂ ಹೊರಳಲಿಲ್ಲ.

ಕೇಜ್‌ನ ಬದಲಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಆರಡಿ ಎತ್ತರ, ಹನ್ನೆರಡಡಿ ಉದ್ದದ ತಂತಿ ಜಾಲಿ ಮಾಡಿಸಿದೆ. ಪೈಪು, ಕೂಲಿ ಸೇರಿ ಒಂಬತ್ತು ಸಾವಿರ. ಮೊದಲ ವಾರವೇ ಬರಿಯ ತಂತಿ ಹುಡುಗರ ಬೆನ್ನು ಸುಲಿಯಿತು. ಟ್ರ್ಯಾಕ್ಟರ್‌ನ ಹಳೆಯ ಟ್ಯೂಬ್ ಸೀಳಿ ತಂತಿಗೆ ಸುತ್ತಿದೆವು. ಈಗಲೂ ಅದೇ ನಡೆಯುತ್ತಿದೆ. ಗುದ್ದುವ ಚೀಲಕ್ಕೆ ದಾಲ್ ಮಿಲ್‌ನಿಂದ ತೊಗರಿ ಹೊಟ್ಟು ತಂದು ತುಂಬಿದ್ದೆ. ಪುಕ್ಕಟೆ ಸಿಕ್ಕಿತೆಂದು ಖುಷಿಪಟ್ಟೆ. ಹದಿನೈದು ದಿನದಲ್ಲಿ ಹೊಟ್ಟೆಲ್ಲ ತಳಕ್ಕೆ ಇಳಿದು ಕೆಳಭಾಗ ಶಹಾಬಾದ್ ಕಲ್ಲಾಯಿತು, ಮಣಿಕಟ್ಟು ಊದಿಕೊಂಡಿತು. ದರ್ಜಿ ಅಂಗಡಿಯ ಬಟ್ಟೆ ಚೂರನ್ನು ಮೂರು ಪಾಲು, ಹೊಟ್ಟನ್ನು ಒಂದು ಪಾಲು ಬೆರೆಸಿ ತುಂಬಿದ ಮೇಲೆ ಸರಿಹೋಯಿತು. ಮಣ್ಣಿನಲ್ಲಿ ಗ್ಲೌಸ್ ಹಾಕಿ ಆಡುವ ಪ್ರಯೋಗವನ್ನೂ ಮಾಡಿದೆವು. ಬೆವರಿಗೆ ಮಣ್ಣು ಮೆತ್ತಿ ಎರಡು ಜೊತೆ ಗ್ಲೌಸ್ ಹಾಳಾದವು, ಒಬ್ಬ ಹುಡುಗನ ಕಣ್ಣಿಗೆ ಮಣ್ಣು ಹೋಯಿತು. ನಿಲ್ಲಿಸಿದೆವು.

ನೆಲದ ಆಟವನ್ನು ಒಬ್ಬನೇ ಕಲಿಯಲಾಗದು. ಎರಡು ವಾರಕ್ಕೊಮ್ಮೆ ಶನಿವಾರ ವಾಡಿ, ತಾಂಡೂರು ದಾಟಿ ಹೈದರಾಬಾದ್‌ಗೆ ರೈಲು. ಎರಡು ದಿನ ಜಿಯು-ಜಿತ್ಸು, ಭಾನುವಾರ ರಾತ್ರಿ ವಾಪಸು. ಒಂದು ಸಲಕ್ಕೆ ಸಾವಿರದ ಐನೂರರಿಂದ ಎರಡು ಸಾವಿರ. ಬೆಂಗಳೂರಿನಲ್ಲಿ ಹದಿಮೂರು ತಿಂಗಳಲ್ಲಿ ಕಲಿಯದ್ದನ್ನು ಇಲ್ಲಿ ಆರು ತಿಂಗಳಲ್ಲಿ ಕಲಿತೆ. ಕಲಿತದ್ದನ್ನು ಹನ್ನೆರಡು ದಿನ ಪಡಸಾಲೆಯಲ್ಲಿ ಅರೆದು ಅರೆದು ಮೈಗೂಡಿಸಿಕೊಳ್ಳಲು ಸಮಯ ಸಿಗುತ್ತಿತ್ತು, ಅದೇ ಕಾರಣ. ಗುದ್ದಿನಲ್ಲಿ ಎರಡೇ ಇಟ್ಟುಕೊಂಡೆ: ಎಡಗೈ ಜಾಬ್, ಅಂದರೆ ನೇರ ಚುಟುಕು ಗುದ್ದು, ಮತ್ತು ಮೇಲಿನಿಂದ ಬೀಸುವ ಬಲಗೈ. ಎದುರಾಳಿ ಕೈ ಎತ್ತಿ ತಡೆದ ಕ್ಷಣದಲ್ಲಿ ಕಾಲಿಗೆ ಹೋಗುತ್ತೇನೆ. ತಲೆ ಮೇಲಕ್ಕೆ, ಹಣೆ ಅವನ ಎದೆಗೂಡಿಗೆ ಅಂಟಿರಬೇಕು. ಕೈ ಹೆಣೆಯುವಾಗ ಗ್ಲೌಸ್ ದಪ್ಪ ಅಡ್ಡ ಬರುತ್ತದೆ. ಬೆರಳಿಗೆ ಬೆರಳು ಹೆಣೆಯಬೇಡಿ, ಅಂಗೈಗೆ ಅಂಗೈ ಕೂಡಿಸಿ.

ದಮ್ಮಿನ ವಿಷಯ. ಫ್ರೀಸ್ಟೈಲ್ ಆರು ನಿಮಿಷಕ್ಕೆ ಮುಗಿಯುತ್ತದೆ, ಇಲ್ಲಿ ಐದೈದು ನಿಮಿಷದ ಮೂರು ರೌಂಡ್. ಊರಿನ 'ಅಪ್ಪನ ಕೆರೆ' ಎಂಬ ಕೆರೆಯ ಸುತ್ತ ಓಡಿದ್ದರಿಂದ ಉಸಿರೇನೋ ಬಂತು, ಹಿಡಿತದ ದಮ್ಮು ಬರಲಿಲ್ಲ. ತಾಲೀಮಿನ ಐದು ಹುಡುಗರನ್ನು ಸಾಲಾಗಿ ನಿಲ್ಲಿಸಿ, ನಿಮಿಷಕ್ಕೊಬ್ಬ ಹೊಸಬ ನನ್ನ ಮೇಲೆ ಬೀಳುವಂತೆ ಮಾಡಿದೆ. ಮೂರನೆಯ ಸುತ್ತಿನ ನಾಲ್ಕನೆಯ ಹುಡುಗನ ಹೊತ್ತಿಗೆ ಮುಂಗೈ ಮರಗಟ್ಟುತ್ತದೆ. ಆ ಒಂದು ನಿಮಿಷಕ್ಕಾಗಿಯೇ ಇಡೀ ಕಸರತ್ತು.

ತೂಕ ಫೆದರ್‌ವೇಟ್‌ಗೆ, 65.8 ಕೆ.ಜಿ.ಗೆ ಏರಿಸಿದೆ. ಆದರೂ ಎರಡನೆಯ ವೃತ್ತಿಪರ ಪಂದ್ಯ ಪಾಯಿಂಟ್ ಮೇಲೆ ಸೋತೆ. ಐದು ಸಲ ಕೆಡವಿದ್ದೆ, ಆದರೆ ಕೆಡವಿ ಅದುಮಿ ಕೂತಿದ್ದೆ. ಇಲ್ಲಿ ತೀರ್ಪುಗಾರರು ಮೊದಲು ನೋಡುವುದು ಪೆಟ್ಟಿನ ಮತ್ತು ಪಟ್ಟಿನ ಪರಿಣಾಮವನ್ನು. ಬರಿದೆ ಹಿಡಿದಿಟ್ಟರೆ ಹೆಚ್ಚು ಬೆಲೆಯಿಲ್ಲ. ಅಲ್ಲಿಂದ ಮುಂದೆ ಪಡಸಾಲೆಯಲ್ಲಿ ಕೆಡವಿದ ಮೂರು ಎಣಿಕೆಯೊಳಗೆ ಗುದ್ದು ಬೀಳಲೇಬೇಕು ಎಂದು ನಿಯಮ ಮಾಡಿದೆ. ಎಣಿಸುವವರು ವಸ್ತಾದರು. ಹೌದು, ಆ ಸೋಲಿನ ಮರುದಿನ ಅವರೇ ಹೊರಗೆ ಕುರ್ಚಿ ಹಾಕಿಸಿಕೊಂಡರು. ಜಾಲಿಗೆ ಒತ್ತಿದವನ ಕಾಲನ್ನು ಯಾವ ಕಡೆಯಿಂದ ಕೀಳಬೇಕು ಎಂದು ತೋರಿಸಿಕೊಟ್ಟದ್ದೂ ಅವರೇ, ಅದು ಅವರ ಕಾಲದ ಜಾತ್ರೆ ಕುಸ್ತಿಯ ಪಟ್ಟು. ಮೂರೂ ಗೆಲುವು ಅದರಿಂದಲೇ ಬಂದಿವೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಾನಿನ್ನೂ ಆಡುತ್ತಿದ್ದೇನೆ. ಕೊನೆಯ ಹನ್ನೆರಡು ಗಂಟೆಯಲ್ಲಿ ತೂಕ ಹೇಗೆ ಇಳಿಸುತ್ತೇನೆ ಎಂಬುದನ್ನೂ ಹೇಳುವುದಿಲ್ಲ. ನನ್ನ ಮೈಗೆ ಒಗ್ಗಿದ್ದು ಇನ್ನೊಬ್ಬನನ್ನು ಆಸ್ಪತ್ರೆಗೆ ಹಾಕಬಹುದು.

ಕಳೆದ ಪಂದ್ಯಕ್ಕೆ ಗೆಲುವಿನ ಹಣವೂ ಸೇರಿ ಅರವತ್ತು ಸಾವಿರ ಬಂತು. ಒಂದು ಹಂಗಾಮಿನ ಜಾತ್ರೆ ದುಡ್ಡು ಒಂದೇ ರಾತ್ರಿಯಲ್ಲಿ. ಇಪ್ಪತ್ತು ಸಾವಿರ ಅಪ್ಪನ ಕೈಗೆ ಕೊಟ್ಟೆ. ಅವರು ಎಣಿಸಲಿಲ್ಲ, ಹಾಗೆಯೇ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ನಾವು ಮುಂಗಾಲಿನ ಮೇಲೆ ಭಾರ ಹಾಕಿ ನಿಲ್ಲುವವರು. ಅದೇ ಕಾಲಿನ ಮೀನಖಂಡಕ್ಕೆ ಒದೆತ ಬಿದ್ದರೆ ಎರಡೇ ಒದೆತಕ್ಕೆ ಪಾದ ಜೋಮುಗಟ್ಟುತ್ತದೆ. ಭಾರ ಹಿಂದಕ್ಕೆ ಹಾಕಿದರೆ ಕಾಲಿಗೆ ನುಗ್ಗುವುದು ತಡವಾಗುತ್ತದೆ. ಸದ್ಯ ದಿನಾ ಸಂಜೆ ಒಬ್ಬ ಹುಡುಗನಿಂದ ಪ್ಯಾಡ್ ಕಟ್ಟಿದ ಕಾಲಿಗೆ ಒದೆಸಿಕೊಳ್ಳುತ್ತಾ, ಒದೆತ ಬರುವ ಗಳಿಗೆಯಲ್ಲೇ ಒಳಗೆ ನುಗ್ಗಿ ನೋಡುತ್ತಿದ್ದೇನೆ. ಹತ್ತರಲ್ಲಿ ನಾಲ್ಕು ಸಲ ಸಿಗುತ್ತಿದೆ.