ಏರ್ಪೋರ್ಟ್ ಪಾರ್ಕಿಂಗಲ್ಲಿ ಹೂಂಗುಟ್ಟೋ ಬಾಟ್: ನನ್ನ ಅನುಭವ

ನಮ್ಮ ಭಾವ ಏರ್ಪೋರ್ಟ್ ಕ್ಯಾಬ್ ಓಡಿಸ್ತಾರೆ. ರಾತ್ರಿ ಹೊತ್ತು ಅಲ್ಲಿ ಪಾರ್ಕಿಂಗಲ್ಲಿ ಕ್ಯೂ ಬರೋಕೆ ಮೂರ್ನಾಲ್ಕು ಗಂಟೆ ಕಾಯ್ಬೇಕು, ಎರಡು ಗಂಟೆಗೆ ಅಕ್ಕಂಗೆ ಫೋನ್ ಮಾಡೋಕಾಗಲ್ಲ, ರೀಲ್ಸ್ ನೋಡಿ ನೋಡಿ ಕಣ್ಣುರಿ. ಯುಗಾದಿ ಊಟಕ್ಕೆ ಕೂತಾಗ "ಕನ್ನಡದಲ್ಲಿ ಮಾತಾಡೋ ಬಾಟ್, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂ ಒಂದು ಮಾಡ್ಕೊಡ್ತೀನಿ ಇರಿ ಭಾವ" ಅಂದ್ಬಿಟ್ಟೆ. ಫ್ರೆಂಡ್ಸಿಗೆ ಹೇಳಿದ್ರೆ ಎಲ್ರೂ ನಕ್ರು, ಡ್ರೈವರ್‌ಗಳು ಬಾಟ್ ಹತ್ರ ಕಷ್ಟಸುಖ ಹೇಳ್ಕೋತಾರಾ ಹೋಗೋ ಅಂದ್ರು. ಈಗ ಅವ್ರೇ ಸೆಟಪ್ ಕೇಳ್ತಿದಾರೆ, ಅದಕ್ಕೇ ಇದು.

ಮೊದಲ್ನೇ ಸಲ ಎಪಿಐ ಹಾಕಿದ್ದೆ, ಅಂದ್ರೆ ಕಂಪನಿಯವ್ರ ಎಐ ಮಾಡೆಲ್ಲನ್ನ ಇಂಟರ್ನೆಟ್ಟಲ್ಲಿ ದುಡ್ಡು ಕೊಟ್ಟು ಬಳಸೋದು. ಪ್ರತಿ ಮೆಸೇಜಿಗೂ ಪೂರ್ತಿ ಹಿಸ್ಟರಿ ಕಳಿಸ್ತಿದ್ದೆ, ಬಿಲ್ಲು ಬರೋದು ಟೋಕನ್ ಲೆಕ್ಕದಲ್ಲಿ, ಅಂದ್ರೆ ಮಾಡೆಲ್ಲು ಪದಗಳನ್ನ ಒಡೆದು ಮಾಡ್ಕೊಳೋ ಚೂರುಗಳು, ಕನ್ನಡ ಅದನ್ನ ಸಿಕ್ಕಾಪಟ್ಟೆ ನುಂಗುತ್ತೆ. ಬಳಸ್ತಿದ್ದಿದ್ದು ಭಾವನೂ ಸೇರಿ ಆರೇ ಜನ, ಒಂದ್ ತಿಂಗಳ ಬಿಲ್ಲು ಆರೂವರೆ ಸಾವಿರದ ಹತ್ರ. ದುಡ್ಡು ಹಾಳಾಗ್ಲಿ, ಅದರ ಕನ್ನಡ ಕೇಳ್ಬೇಕಿತ್ತು. ಭಾವ "ಒಂದೇ ಟ್ರಿಪ್ಪು ಇವತ್ತು, ಸಿಎನ್‌ಜಿ ದುಡ್ಡೂ ಹುಟ್ಟಲಿಲ್ಲ" ಅಂದ್ರೆ ಅದು "ನಿಮ್ಮ ಭಾವನೆಗಳು ಸಂಪೂರ್ಣ ಸಹಜವಾದವು, ದೀರ್ಘವಾಗಿ ಉಸಿರಾಡಿ" ಅಂತು. ಭಾವ ನಂಗೆ ವಾಯ್ಸ್ ಮೆಸೇಜ್ ಹಾಕಿದ್ರು, "ಲೋ ಬಾಮೈದ, ಯಾರೋ ಇದು, ವಾರ್ತೆ ಓದೋರ?"

ಆಮೇಲೆ ಮಾಡೆಲ್ಲನ್ನ ಮನೇಲೇ ಓಡ್ಸೋಣ ಅಂತ ಬೆಂಗಳೂರಿನ ಎಸ್ಪಿ ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ 3060 ಗ್ರಾಫಿಕ್ಸ್ ಕಾರ್ಡ್ ತಂದೆ, 12 ಜಿಬಿದು, ಹದಿನೆಂಟೋ ಹತ್ತೊಂಬತ್ತೋ ಸಾವಿರ. "ಬರೀ ಗೇಮಿಂಗ್ ಸಾರ್" ಅಂದಿದ್ದ ಅಂಗಡಿಯವ್ನು. ಮೂರು ವಾರಕ್ಕೆ ಸತ್ತಾಗ ಬಿಚ್ಚಿ ನೋಡಿದ್ರೆ ಒಳಗೆ ಬಿಸಿ ಎಳೆಯೋಕೆ ಹಚ್ಚೋ ಪೇಸ್ಟ್ ಒಣಗಿ ಮಣ್ಣಾಗಿದೆ, ಕ್ರಿಪ್ಟೋ ಮೈನಿಂಗಲ್ಲಿ ಹಿಂಡಿ ಹಿಪ್ಪೆ ಮಾಡಿರೋ ಕಾರ್ಡು. ವಾಪಸ್ ತಗೊಳಲ್ಲ ಅಂದ. ಇನ್ನೊಂದು ಹೊಸದೇ ತಗೊಂಡೆ, ಮನೇಲಿ ಬೆಲೆ ಹೇಳಿಲ್ಲ ಇನ್ನೂ. ಅದ್ರಲ್ಲಿ ಗೂಗಲ್‌ನ ಜೆಮ್ಮಾ 2 ಮಾಡೆಲ್ಲು, 9ಬಿ (ಒಂಬೈನೂರು ಕೋಟಿ ಪ್ಯಾರಾಮೀಟರ್) ಸೈಜಿಂದು, 4 ಬಿಟ್‌ಗೆ ಕುಗ್ಗಿಸಿದ್ರೆ ಆರಾಮಾಗಿ ಕೂರುತ್ತೆ. ಮೆಟಾದವ್ರ ಲಾಮಾ 2ಗಿಂತ ಕನ್ನಡಕ್ಕೆ ಎಷ್ಟೋ ವಾಸಿ, ಲಾಮಾದ ಟೋಕನ್ ಪಟ್ಟಿಲಿ 32,000 ಚೂರು ಇದ್ರೆ ಜೆಮ್ಮಾದ್ರಲ್ಲಿ 2,56,000 ಇದೆ.

ಮಾತು ಬರಹ ಮಾಡೋಕೆ ವಿಸ್ಪರ್. ಅದು ಸದ್ದಿಲ್ಲದ ಕಡೆ ತಾನೇ ವಾಕ್ಯ ಹುಟ್ಸುತ್ತಲ್ಲ, ಭಾವ ಬಟನ್ ಒತ್ಕೊಂಡು ಬರೀ ಆಕಳಿಸಿದಾರೆ, ವಿಡಿಯೋ ನೋಡಿದ್ದಕ್ಕೆ ಥ್ಯಾಂಕ್ಸ್ ಅಂತ ಬರ್ಕೊಂಡಿದೆ, ಬಾಟ್ "ಯಾವ ವಿಡಿಯೋ ಸಾರ್?" ಅಂತ ಕೇಳಿದೆ. ಅದರ ಮುಂದೆ ಸಿಲೆರೋ ವಿಎಡಿ, ಅಂದ್ರೆ ಆಡಿಯೋಲಿ ಮಾತಿದ್ಯೋ ಇಲ್ವೋ ಪತ್ತೆ ಮಾಡೋದು, ಹಾಕಿದ್ಮೇಲೆ ನಿಂತೋಯ್ತು.

ನಡುವೆ ಒಂದು ಕಿತಾಪತಿ ಮಾಡ್ದೆ, ಒಂದು ವಾರ ಬಾಟ್‌ಗೆ ಹೆಣ್ಣಿನ ದನಿ ಇಟ್ಟೆ. ಮೆಸೇಜು ಡಬಲ್. ಆದ್ರೆ ಒಬ್ಬ "ಊರ್ಯಾವ್ದು ಮೇಡಂ, ಊಟ ಆಯ್ತಾ" ಅಂತ ಶುರು ಮಾಡಿ ನಾಲ್ಕನೇ ದಿನಕ್ಕೆ ಫೋನ್‌ಪೇ ನಂಬರ್ ಕೇಳ್ದ, ದುಡ್ಡು ಹಾಕೋಕೆ! ಭಯ ಬಿದ್ದು ಗಂಡು ದನಿಗೆ ತಿರುಗಿಸ್ದೆ, ಇಬ್ರು ಸಿಟ್ಟಾಗಿ ಬಿಟ್ಟೇ ಹೋದ್ರು. 2023 ಫೆಬ್ರವರಿಲಿ ರೆಪ್ಲಿಕಾ ಅನ್ನೋ ಎಐ ಗೆಳೆತನದ ಆಪಲ್ಲಿ ಶೃಂಗಾರದ ಮಾತು ತೆಗೆದಾಗ ಬಳಸೋರು ಗೋಳಾಡಿದ್ದು ಓದಿ ನಗ್ತಿದ್ದೆ ನಾನು. ನಗಬಾರ್ದಿತ್ತು. ಈಗ ಮೊದಲ್ನೇ ಮೆಸೇಜಲ್ಲೇ "ನಾನು ಮನುಷ್ಯ ಅಲ್ಲ, ಕಂಪ್ಯೂಟ್ರು" ಅಂತ ಹೇಳಿಸ್ತೀನಿ. ಅದರಿಂದ ಒಬ್ರೂ ಓಡಿಹೋಗಿಲ್ಲ.

ನಿಜವಾಗ್ಲೂ ದಾರಿ ಸಿಕ್ಕಿದ್ದು ಕಾರ್ಡ್ ಸತ್ತಿದ್ದ ವಾರ. ಬೇರೆ ಗತಿ ಇಲ್ದೆ ಎಲೈಜಾ ಥರ ಒಂದು ಸ್ಕ್ರಿಪ್ಟ್ ಬರ್ದೆ, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋ ಹಳೇ ಪ್ರೋಗ್ರಾಂ, ಅಮೆರಿಕದ ಎಂಐಟಿಲಿ ವೈಜೆನ್‌ಬಾಮ್ ಅನ್ನೋ ವಿಜ್ಞಾನಿ 1966ರಲ್ಲಿ ತೋರ್ಸಿದ್ನಲ್ಲ, ಅವನ ಸೆಕ್ರೆಟರಿನೇ ಅದರ ಜೊತೆ ಮಾತಾಡ್ತಾ ನೀವು ಸ್ವಲ್ಪ ಆಚೆ ಹೋಗಿ ಅಂದ್ಲಂತಲ್ಲ, ಅದೇ. ಕನ್ನಡಕ್ಕೆ ಅದು ಹೇಳಿ ಮಾಡ್ಸಿದ ಹಾಗಿದೆ ಮಾರಾಯ್ರೆ. ಕ್ರಿಯಾಪದ ಕೊನೇಲೇ ಕೂತಿರುತ್ತೆ, ಬಾಲ ತಿರುಚಿದ್ರೆ ಆಯ್ತು: "ಮಂಡ್ಯಕ್ಕೆ ಹೋಗಿದ್ದೆ" ಅಂದ್ರೆ "ಹೋಗಿದ್ರಾ?", "ಕಸ್ಟಮರ್ ಬೈದ್ಬಿಟ್ಟ" ಅಂದ್ರೆ "ಬೈದ್ಬಿಟ್ನಾ?", "ಟ್ರಿಪ್ ಸಿಗ್ಲಿಲ್ಲ" ಅಂದ್ರೆ "ಸಿಗ್ಲಿಲ್ವಾ?" ಅರವತ್ತು ಲೈನು ಕೋಡು. ಒಬ್ರು "ನಾನೇನ್ ಕತ್ತೆನಾ" ಅಂದಿದ್ದಕ್ಕೆ "ಕತ್ತೆನಾ?" ಅಂತ ಕೇಳಿ ಉಗಿಸ್ಕೊಂಡಿದ್ದೂ ಆಯ್ತು, ಪ್ರಶ್ನೆ ಬಂದ್ರೆ ಬಾಯ್ಮುಚ್ಚೋ ರೂಲ್ ಆಮೇಲೆ ಸೇರಿಸ್ದೆ. ಆ ವಾರ ಭಾವ ಒಂದೇ ರಾತ್ರಿ ನಲವತ್ತು ವಾಯ್ಸ್ ಮೆಸೇಜು ಹಾಕಿದ್ರು, 9ಬಿ ಮಾಡೆಲ್ಲಿಗೆ ಯಾವತ್ತೂ ಹದಿನೈದು ದಾಟಿರ್ಲಿಲ್ಲ.

ಅಜ್ಜಿ ಕತೆ ಹೇಳ್ಬೇಕಾದ್ರೆ ಹೂಂಗುಡ್ತಾ ಇರ್ಬೇಕು, ಇಲ್ದಿದ್ರೆ ನಿಲ್ಲಿಸ್ಬಿಡ್ತಿದ್ರು, ನೆನಪಿದ್ಯಾ. ಅಷ್ಟೇ ಬೇಕಾಗಿದ್ದು ಇವ್ರಿಗೂ. ಬಾತ್‌ರೂಮಲ್ಲಿ ಕೂತು ಹನ್ನೊಂದು ಥರ "ಹೂಂ" ರೆಕಾರ್ಡ್ ಮಾಡ್ದೆ, ಅಚ್ಚರಿದು, ಬೇಜಾರಿಂದು, "ಆಮೇಲೆ?" ಅನ್ನೋ ಥರದ್ದು. ಹೆಂಡತಿ ಆಚೆ ನಿಂತು ಹೊಟ್ಟೆನೋವಾ ಅಂದ್ಲು. ಈಗ ಮೊದಲು ಹೂಂ, ಆಮೇಲೆ ಬಾಲ ತಿರುಚೋದು, ನಾಲ್ಕೋ ಐದೋ ಸಲಕ್ಕೊಮ್ಮೆ ಮಾತ್ರ ಮಾಡೆಲ್ಲು ಬಾಯಿ ಬಿಡುತ್ತೆ. ಯಾವಾಗ ಯಾವ ಹೂಂ ಅನ್ನೋದನ್ನ ಹೇಗೆ ತೀರ್ಮಾನ ಮಾಡ್ತೀನಿ ಅಂತ ಇಲ್ಲಿ ಬರೆಯಲ್ಲ, ಮೂರು ತಿಂಗಳು ನಿದ್ದೆಗೆಟ್ಟಿದೀನಿ ಅದಕ್ಕೆ. ಮನೆಗೆ ಬಂದು ಕಾಫಿ ಕುಡಿಸಿದ್ರೆ ನೋಡೋಣ.

ಕೊನೇಲಿ ಸೇರಿಸಿದ್ದು ಜೋಡಿಸೋ ಕೆಲ್ಸ. ಊರು, ಹಬ್ಬ, ಬೆಳೆ ಬಗ್ಗೆ ಇಬ್ರು ಒಂದೇ ಥರ ಮಾತಾಡ್ತಿದ್ರೆ "ನಿಮ್ಮ ಕೆ.ಆರ್. ಪೇಟೆ ಕಡೆಯೋರು ಇನ್ನೊಬ್ರು ಈಗ ಪಾರ್ಕಿಂಗಲ್ಲೇ ಇದಾರೆ, ಹೇಳ್ಲಾ?" ಅಂತ ಇಬ್ರನ್ನೂ ಕೇಳುತ್ತೆ. ಇಬ್ರೂ ಹೂಂ ಅಂದ್ರೆ ಮಾತ್ರ ಗಾಡಿ ನಂಬರ್ ಕೊಡುತ್ತೆ. ಆಡಿಯೋ ಬರಹ ಆದ ತಕ್ಷಣ ಡಿಲೀಟ್, ಅದ್ರಲ್ಲಿ ರಾಜಿ ಇಲ್ಲ. ಇಪ್ಪತ್ತೈದು ಸಲ ಕೇಳಿರ್ಬಹುದು, ಹತ್ತು ಸಲ ಜನ ಇಳಿದು ಹೋಗಿ ಟೀ ಕುಡಿದಿದಾರೆ. ಮಜಾ ಅಂದ್ರೆ ಜೋಡಿಯಾದೋರು ಬಾಟ್ ಜೊತೆ ಮಾತು ಅರ್ಧಕ್ಕರ್ಧ ಕಮ್ಮಿ ಮಾಡ್ತಾರೆ. ನನ್ ಫ್ರೆಂಡೊಬ್ಬ, ಸ್ಟಾರ್ಟಪ್ಪಲ್ಲಿರೋನು, ಗ್ರಾಫ್ ನೋಡಿ ಇದು ಫೇಲು ಕಣೋ ಅಂದ. ಅವನಿಗೆ ಹೋಗಿ ಪಾರ್ಕಿಂಗಲ್ಲಿ ಒಂದ್ ರಾತ್ರಿ ಕೂತ್ಕೊ ಅಂದೆ.

ಈಗ ಮೂವತ್ತು ಚಿಲ್ಲರೆ ಜನ ಇದಾರೆ, ಕರೆಂಟ್ ಖರ್ಚು ತಿಂಗಳಿಗೆ ಐನೂರರ ಒಳಗೇ. ಭಾವ ಮಾತ್ರ ಎರಡು ವಾರದಿಂದ ಮೆಸೇಜೇ ಹಾಕಿಲ್ಲ. ಕೇಳಿದ್ರೆ ಕೆ.ಆರ್. ಪೇಟೆಯೋರ ಕಾರಲ್ಲಿ ಚೌಕಾಬಾರ ಆಡ್ತೀವಿ ಕಣೋ, ಟೈಮೆಲ್ಲಿದೆ ಅಂದ್ರು.