ಛೇದ ಬೇರೆ ಬೇರೆ ಇದ್ದಾಗ ನಾನು ಹಿಡಿಯುವ ದಾರಿ

ತುಮಕೂರಿನಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಬೀಜೋಕ್ತಿ ಇರುವ ಭಿನ್ನರಾಶಿ ಕಂಡರೆ ಸಾಕು, ಮಕ್ಕಳು ನೇರ ಓರೆ ಗುಣಾಕಾರಕ್ಕೆ ಇಳಿಯುತ್ತಾರೆ. ಅದರಲ್ಲೂ ಉತ್ತರ ಬರುತ್ತದೆ, ಆದರೆ ಪುಟ ತುಂಬುತ್ತದೆ. ನಾನು ಮೊದಲು ಛೇದಗಳನ್ನು ಅಪವರ್ತಿಸಲು ಹೇಳುತ್ತೇನೆ. ಅಂಶದ ಕಡೆ ಅಲ್ಲಿಯವರೆಗೆ ನೋಡುವುದೇ ಬೇಡ.

ಬೋರ್ಡಿನ ಮೇಲೆ ಚರಾಕ್ಷರಕ್ಕೆ ‘ಕ’ ಬರೆಯುತ್ತೇನೆ. ಎಕ್ಸ್ ಬರೆದರೆ ಅವಸರದಲ್ಲಿ ಗುಣಾಕಾರದ ಗುರುತಿನ ಹಾಗೇ ಕಾಣುತ್ತದೆ.

ಪ್ರತಿ ವರ್ಷ ಕೊಡುವ ಲೆಕ್ಕ ಇದು: 2/(ಕ² − 4) − 1/(ಕ² + 2ಕ).

ಮೊದಲ ಛೇದ (ಕ − 2)(ಕ + 2), ಎರಡನೆಯದು ಕ(ಕ + 2). ಎರಡರಲ್ಲೂ ಇರುವ (ಕ + 2) ಒಂದೇ ಸಲ ಸಾಕು, ಹಾಗಾಗಿ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಕ(ಕ − 2)(ಕ + 2). ಲ.ಸಾ.ಅ. ಹಿಡಿದು ಭಿನ್ನರಾಶಿ ಕೂಡುವ ಕ್ರಮವನ್ನು 9ನೇ ಶತಮಾನದಲ್ಲೇ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ನಮ್ಮ ಗಣಿತಜ್ಞ ಮಹಾವೀರಾಚಾರ್ಯ ಹೇಳಿದ್ದಾನೆ. ಛೇದವನ್ನು ಮಾತ್ರ ಗುಣಿಸಿ ಬಿಡಿಸಬಾರದು, ಆವರಣದಲ್ಲೇ ಇರಲಿ. ಕೊನೆಗೆ ಹೊಡೆದುಹಾಕುವುದು ಅದನ್ನೇ.

ಅಂಶ: 2ಕ − (ಕ − 2) = ಕ + 2. ಮೇಲೆ ಕೆಳಗೆ (ಕ + 2) ಹೋಗಿ ಉಳಿಯುವುದು 1/[ಕ(ಕ − 2)].

ಈ ಲೆಕ್ಕದಲ್ಲಿ ಒಂದು ಬಲೆ ಇದೆ. ಆವರಣ ಮರೆತು 2ಕ − ಕ − 2 ಬರೆದರೆ ಅಂಶ ಕ − 2 ಆಗುತ್ತದೆ. ಅದೂ ಕೆಳಗಿನ (ಕ − 2) ಜೊತೆ ಚೆನ್ನಾಗಿ ಹೊಡೆದುಹೋಗಿ 1/[ಕ(ಕ + 2)] ಕೊಡುತ್ತದೆ! “ಮಿಸ್, ಕ್ಯಾನ್ಸಲ್ ಆಯ್ತಲ್ಲ, ಸರಿ ಅಲ್ವಾ?” ಅನ್ನುತ್ತಾರೆ. ಕ = 3 ಹಾಕಿ ನೋಡಪ್ಪಾ ಅನ್ನುತ್ತೇನೆ. ಮೂಲ ಲೆಕ್ಕ 2/5 − 1/15, ಅಂದರೆ 1/3. ಸರಿ ಉತ್ತರವೂ 1/3. ಆವರಣ ಮರೆತವರದ್ದು 1/15. ಹೀಗೆ ತಾಳೆ ನೋಡುವಾಗ 0, 2, −2 ಹಾಕುವ ಹಾಗಿಲ್ಲ, ಛೇದ ಸೊನ್ನೆಯಾಗುತ್ತದೆ.

ಆಮೇಲೆ ಬಸ್ಸಿನ ಲೆಕ್ಕ. ಬೆಂಗಳೂರಿಗೆ ಸುಮಾರು 70 ಕಿ.ಮೀ. ಹೋಗುವಾಗ ಗಂಟೆಗೆ ಕ ಕಿ.ಮೀ., ಬರುವಾಗ ಕ + 20. ಒಟ್ಟು ಸಮಯ 70/ಕ + 70/(ಕ + 20), ಸಂಕ್ಷೇಪಿಸಿದರೆ 140(ಕ + 10)/[ಕ(ಕ + 20)]. ಇಲ್ಲಿ ಮೇಲಿನ ಕ, ಕೆಳಗಿನ ಕ ಎರಡನ್ನೂ ಗೀಚಿಹಾಕುವವರು ಇದ್ದೇ ಇರುತ್ತಾರೆ. ಮೇಲಿನ ಕ 10ಕ್ಕೆ ಕೂಡಿಕೊಂಡಿದೆ, ಗುಣಿಸಿಕೊಂಡಿಲ್ಲ. ಅದನ್ನು ಮುಟ್ಟುವ ಹಾಗಿಲ್ಲ.

ಕ = 50 ಹಾಕಿದರೆ 2.4 ಗಂಟೆ. 50, 70ರ ಸರಾಸರಿ ವೇಗ 60 ಎಂದು ತರಗತಿಯೆಲ್ಲ ಕೂಗುತ್ತದೆ. 140 ಕಿ.ಮೀ.ಯನ್ನು 2.4ರಿಂದ ಭಾಗಿಸಿದರೆ ಬರುವುದು 58.3 ಚಿಲ್ಲರೆ. ನಿಧಾನವಾಗಿ ಹೋಗುವಾಗ ಬಸ್ಸಿನಲ್ಲಿ ಕೂತಿರುವ ಹೊತ್ತೇ ಹೆಚ್ಚಲ್ಲವೇ?