ಅಕೌಂಟ್ ಕೆಟ್ಟಿದೆ, ಫೈಲ್ ಅಲ್ಲೇ ಇದೆ

ವಿಂಡೋಸ್ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ ಮೇಲೆ ಡೆಸ್ಕ್‌ಟಾಪ್ ಬರುತ್ತದೆ, ಆದರೆ ಅದು ನಿಮ್ಮದಲ್ಲ. ವಾಲ್‌ಪೇಪರ್ ಬೇರೆ. ಫೋಲ್ಡರ್ ಒಂದೂ ಇಲ್ಲ. ಟೆಂಪರರಿ ಪ್ರೊಫೈಲ್‌ನಲ್ಲಿ ಒಳಗೆ ಬಂದಿದ್ದೀರಿ ಅನ್ನುವ ಸೂಚನೆ ಮಾತ್ರ ಕಾಣುತ್ತದೆ. ಪ್ರೊಫೈಲ್ ಅಂದರೆ ಒಬ್ಬ ಯೂಸರ್‌ನ ಫೋಲ್ಡರ್, ಸೆಟ್ಟಿಂಗ್ ಎಲ್ಲ ಸೇರಿದ್ದು. ಕೆಲವು ಸಲ ಒಳಗೇ ಬಿಡುವುದಿಲ್ಲ. ಯೂಸರ್ ಪ್ರೊಫೈಲ್ ಲೋಡ್ ಆಗಲಿಲ್ಲ ಎಂದು ಹೇಳಿ ಮತ್ತೆ ಪಾಸ್‌ವರ್ಡ್ ಕೇಳುವ ಜಾಗಕ್ಕೇ ತಂದು ನಿಲ್ಲಿಸುತ್ತದೆ.

ನಾನು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಮಳೆಗಾಲದಲ್ಲಿ ಇಂಥ ಕೇಸು ಜಾಸ್ತಿ. ಕಾರಣ ಕರೆಂಟ್. ವಿಂಡೋಸ್‌ನಲ್ಲಿ ಪ್ರತಿ ಯೂಸರ್‌ಗೂ ಎನ್‌ಟಿಯೂಸರ್ ಡಾಟ್ ಡ್ಯಾಟ್ ಅನ್ನುವ ಒಂದು ಫೈಲ್ ಇರುತ್ತದೆ. ಅವರವರ ಫೋಲ್ಡರ್ ಒಳಗೇ ಅಡಗಿರುತ್ತದೆ. ಅವರ ಸೆಟ್ಟಿಂಗ್ ಎಲ್ಲ ಅದರಲ್ಲೇ. ಲಾಗಿನ್ ಆಗುವಾಗ ವಿಂಡೋಸ್ ಅದನ್ನು ಓದುತ್ತದೆ, ಕೆಲಸ ನಡೆಯುವಾಗ ಬರೆಯುತ್ತಿರುತ್ತದೆ. ಹಾಗೆ ಬರೆಯುತ್ತಿರುವಾಗ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯಲ್ಲೂ ದಮ್ಮಿಲ್ಲ ಅಂದರೆ ಆ ಫೈಲ್ ಅರ್ಧಂಬರ್ಧ ಆಗಬಹುದು. ಮುಂದಿನ ಸಲ ಅದನ್ನು ಓದಲಾಗದೆ ವಿಂಡೋಸ್ ಒಂದು ಖಾಲಿ ಪ್ರೊಫೈಲ್ ಕೊಟ್ಟು ಕೂರಿಸುತ್ತದೆ. ಹಾಳಾಗಿದ್ದು ಆ ಸೆಟ್ಟಿಂಗ್ ಫೈಲ್ ಮಾತ್ರ. ನಿಮ್ಮ ಫೋಟೊ, ಪತ್ರ, ಲೆಕ್ಕದ ಹಾಳೆ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ.

ಹೋದ ಮಳೆಗಾಲದಲ್ಲಿ ಡಿಟಿಪಿ ಅಂಗಡಿ ನಡೆಸುವ ಅಕ್ಕ ಒಬ್ಬರು ತಮ್ಮ ಸಿಪಿಯು ಹೊತ್ತು ತಂದರು. ಲಗ್ನಪತ್ರಿಕೆ, ಬಾಡಿಗೆ ಕರಾರು, ಅಫಿಡವಿಟ್ ಎಲ್ಲ ಅದರಲ್ಲೇ. "ಒಬ್ಬರು ಫಾರ್ಮ್ಯಾಟ್ ಹೊಡೆಯದೆ ಬೇರೆ ದಾರಿ ಇಲ್ಲ ಅಂದ್ರು. ನಿಜವೇನಪ್ಪಾ?" ಎಂದು ಕೇಳಿದರು. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಫಾರ್ಮ್ಯಾಟ್ ಅಂದರೆ ಡಿಸ್ಕ್ ಅಳಿಸುವುದು, ಇರುವ ಫೈಲೂ ಹೋಗುತ್ತದೆ. "ಅಕ್ಕಾ, ಮೊದಲು ಫೈಲ್ ಹೊರಗೆ ತೆಗೆಯೋಣ. ಅಕೌಂಟ್ ರಿಪೇರಿ ಆಮೇಲೆ" ಎಂದೆ.

ಟೆಂಪರರಿ ಪ್ರೊಫೈಲ್ ಬಂದಿದ್ದರೆ ಅದರ ಡೆಸ್ಕ್‌ಟಾಪ್ ಮೇಲೆ ಏನನ್ನೂ ಸೇವ್ ಮಾಡಬಾರದು. ಲಾಗೌಟ್ ಆದ ಕೂಡಲೇ ವಿಂಡೋಸ್ ಅದನ್ನು ಅಳಿಸುತ್ತದೆ. ಅಕ್ಕ ಆ ಬೆಳಿಗ್ಗೆ ಟೈಪ್ ಮಾಡಿದ ಒಂದು ಕರಾರು ಹಾಗೇ ಹೋಗಿತ್ತು.

ನಾನು ಮೊದಲು ನೋಡುವುದು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್. ಅಲ್ಲಿ ಟೆಂಪ್ ಎಂಬ ಹೊಸ ಫೋಲ್ಡರ್ ಇರುತ್ತದೆ, ಪಕ್ಕದಲ್ಲೇ ಹಳೆಯ ಹೆಸರಿನದೂ ಇರುತ್ತದೆ. ಹಳೆಯದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಎಷ್ಟು ಜಿಬಿ ಎಂದು ನೋಡಿದರೆ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ಅಕ್ಕನಿಗೂ ತೋರಿಸಿದೆ. ಫೋಲ್ಡರ್ ತುಂಬಿಕೊಂಡೇ ಇತ್ತು.

ಆಮೇಲೆ ಡಿಸ್ಕಿನ ಆರೋಗ್ಯ. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಪ್ರೊಫೈಲ್ ಕೆಡುವುದಕ್ಕೆ ಸಾಯುತ್ತಿರುವ ಹಾರ್ಡ್ ಡಿಸ್ಕೂ ಕಾರಣ ಇರಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಟ್ಟ ಉಚಿತ ಪ್ರೋಗ್ರಾಂ ತೆರೆದರೆ ಗುಡ್, ಕಾಷನ್, ಬ್ಯಾಡ್ ಎಂದು ತೋರಿಸುತ್ತದೆ. ಕಾಷನ್ ಅಥವಾ ಬ್ಯಾಡ್ ಬಂದರೆ ನಾನು ಚೆಕ್‌ಡಿಸ್ಕ್ ಓಡಿಸುವುದಿಲ್ಲ. ಅದು ರಿಪೇರಿಯ ಹೆಸರಲ್ಲಿ ಕುಂಟುತ್ತಿರುವ ಡಿಸ್ಕಿಗೆ ಇನ್ನಷ್ಟು ಕೆಲಸ ಕೊಡುತ್ತದೆ, ಫೈಲ್‌ಗಳ ಪಟ್ಟಿಯನ್ನೂ ತಿದ್ದುತ್ತದೆ. ಅಂಥ ಡಿಸ್ಕನ್ನು ಲಿನಕ್ಸ್‌ನ (ವಿಂಡೋಸ್ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ) ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಪೂರ್ತಿ ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡು, ಆ ಪ್ರತಿಯ ಮೇಲೆ ಕೆಲಸ ಮಾಡುತ್ತೇನೆ. ಅಕ್ಕನ ಡಿಸ್ಕ್ ಗುಡ್ ಎಂದಿತು.

ಫೈಲ್ ತೆಗೆಯಲು ನನಗಿಷ್ಟ ಲಿನಕ್ಸ್ ಮಿಂಟ್ ಹಾಕಿದ ಪೆನ್‌ಡ್ರೈವ್. ಅದರಿಂದ ಕಂಪ್ಯೂಟರ್ ಬೂಟ್ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ. ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಎನ್ನುವ ತಕರಾರೂ ಇಲ್ಲ. ಬೂಟ್ ಮೆನು ತೆರೆಯುವ ಕೀ ಡೆಲ್, ಲೆನೊವೊದಲ್ಲಿ ಹೆಚ್ಚಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9. ಮಿಂಟ್ ಬಂದ ಮೇಲೆ ಇನ್‌ಸ್ಟಾಲ್ ಐಕಾನ್ ಮುಟ್ಟಬಾರದು, ಸುಮ್ನೆ ಫೈಲ್ ಮ್ಯಾನೇಜರ್ ತೆರೆಯಬೇಕು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ಏಳಲೆಂದು ಪೂರ್ತಿ ಆಫ್ ಆಗದೆ ಇರುವ ಸೌಲಭ್ಯ) ಆನ್ ಇದ್ದರೆ ಡ್ರೈವ್ ಓದಲು ಮಾತ್ರ ಸಿಗಬಹುದು. ಗಾಬರಿ ಬೇಡ. ನಮಗೆ ಬೇಕಾದದ್ದು ಓದುವುದಷ್ಟೇ ಅಲ್ವಾ?

ಲ್ಯಾಪ್‌ಟಾಪ್ ಆದರೆ ಇಲ್ಲೊಂದು ತಡೆ ಎದುರಾಗಬಹುದು. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗುತ್ತಿದ್ದವರು ಮೊಬೈಲ್‌ನಲ್ಲೇ ಆ ಅಕೌಂಟ್ ತೆರೆದು ನೋಡಬೇಕು, ಸಾಮಾನ್ಯವಾಗಿ ಕೀ ಅಲ್ಲಿರುತ್ತದೆ. ಕೀ ಇಲ್ಲದೆ ಆ ಬೀಗ ತೆಗೆಯುವುದು ರಿಪೇರಿ ಅಂಗಡಿಗಳಿಗೆ ಆಗದ ಕೆಲಸ. ತೆಗೆದುಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪೆನ್‌ಡ್ರೈವ್ ದಾರಿ ಆಗದಿದ್ದರೆ ಅದೇ ಕಂಪ್ಯೂಟರಿನ ಇನ್ನೊಂದು ಅಡ್ಮಿನ್ ಅಕೌಂಟ್‌ನಿಂದ ಹಳೆ ಫೋಲ್ಡರ್ ತೆರೆಯಬಹುದು. ಅನುಮತಿ ಇಲ್ಲ ಎಂದಾಗ ಕಂಟಿನ್ಯೂ ಒತ್ತಿದರೆ ಹೆಚ್ಚಾಗಿ ತೆರೆಯುತ್ತದೆ. ಇನ್ನೂ ಒಂದು ಉಪಾಯ ಉಂಟು. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ನೀಲಿ ಪರದೆಯ ರಿಕವರಿ ಮೆನು ಬರುತ್ತದೆ. ಅಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ. ನೋಟ್‌ಪ್ಯಾಡ್‌ನ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಆಲ್ ಫೈಲ್ಸ್ ಆರಿಸಿದರೆ ಇಡೀ ಡ್ರೈವ್ ಕಾಣುತ್ತದೆ. ಅಲ್ಲಿಂದಲೇ ಕಾಪಿ ಮಾಡಿ ಎಕ್ಸ್‌ಟರ್ನಲ್ ಡಿಸ್ಕಿಗೆ ಪೇಸ್ಟ್ ಮಾಡಬಹುದು. ಅಲ್ಲಿ ಸಿ ಡ್ರೈವ್ ಡಿ ಎಂದು ಕಾಣಬಹುದು, ಒಳಗೆ ನೋಡಿ ಗುರುತಿಸಿಕೊಳ್ಳಿ.

ಏನೇನು ತೆಗೆಯಬೇಕು? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಎಲ್ಲರಿಗೂ ನೆನಪಾಗುತ್ತವೆ. ಅಡಗಿರುವ ಆ್ಯಪ್‌ಡೇಟಾ ಫೋಲ್ಡರ್ ಮರೆತುಹೋಗುತ್ತದೆ. ಬ್ರೌಸರ್‌ನ ಬುಕ್‌ಮಾರ್ಕ್, ಸ್ಟಿಕ್ಕಿ ನೋಟ್ಸ್ ಅದರೊಳಗೆ. ಅಕ್ಕ ಗಿರಾಕಿಗಳ ಅಳತೆ, ಅಡ್ವಾನ್ಸ್ ಎಲ್ಲ ಸ್ಟಿಕ್ಕಿ ನೋಟ್ಸ್‌ನಲ್ಲೇ ಬರೆದಿಟ್ಟಿದ್ದರು. ಅದು ಪ್ಲಮ್ ಡಾಟ್ ಎಸ್‌ಕ್ಯುಲೈಟ್ ಎಂಬ ಫೈಲ್. ಅದೇ ಫೋಲ್ಡರ್‌ನಲ್ಲಿ ಜೊತೆಗಿರುವ ಪ್ಲಮ್ ಹೆಸರಿನ ಬೇರೆ ಫೈಲ್‌ಗಳನ್ನೂ ಸೇರಿಸಿ ತೆಗೆದೆ. ಕ್ರೋಮ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಮಾತ್ರ ಹೀಗೆ ಫೈಲ್ ಕಾಪಿ ಮಾಡಿದರೆ ಬರುವುದಿಲ್ಲ. ಅವಕ್ಕೆ ಹಳೆ ವಿಂಡೋಸ್ ಅಕೌಂಟ್‌ನ ಬೀಗ ಇರುತ್ತದೆ. ಗೂಗಲ್ ಅಕೌಂಟ್‌ಗೆ ಸಿಂಕ್ ಆಗಿದ್ದರೆ ಅಲ್ಲಿಂದ ಬರುತ್ತವೆ.

ಕಾಪಿ ಹಾಕುವ ಡಿಸ್ಕಿನ ಫಾರ್ಮ್ಯಾಟ್ (ಫೈಲ್ ಜೋಡಿಸಿಡುವ ಕ್ರಮ) ಫ್ಯಾಟ್ 32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ. ವಿಂಡೋಸ್ ಒಳಗಿಂದ ರೋಬೋಕಾಪಿ ಎಂಬ ಕಾಪಿ ಕಮಾಂಡ್ ಬಳಸುವವರು ಅದರ ಕೊನೆಗೆ ಸ್ಲ್ಯಾಶ್ ಎಕ್ಸ್‌ಜೆ (/XJ) ಸೇರಿಸಿ. ಇಲ್ಲದಿದ್ದರೆ ಆ್ಯಪ್‌ಡೇಟಾದೊಳಗಿನ ಅಡ್ಡದಾರಿ ಫೋಲ್ಡರ್‌ಗಳಲ್ಲಿ ಸಿಕ್ಕಿ ಒಂದೇ ಫೋಲ್ಡರನ್ನು ಮತ್ತೆ ಮತ್ತೆ ಕಾಪಿ ಮಾಡುತ್ತ ಹೋಗುತ್ತದೆ. ಮುಗಿದ ಮೇಲೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ಹೋಲಿಸಿದೆ. ಅಕ್ಕನ ಕೈಯಲ್ಲೇ ಹತ್ತಾರು ಫೈಲ್ ತೆರೆಸಿದೆ. ಒನ್‌ಡ್ರೈವ್ (ಫೈಲನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆ) ಇರುವ ಕಂಪ್ಯೂಟರ್ ಆದರೆ ಇದು ತುಂಬಾ ಮುಖ್ಯ. ಕೆಲವು ಫೈಲ್‌ಗಳ ಹೆಸರು ಮಾತ್ರ ಡಿಸ್ಕಿನಲ್ಲಿದ್ದು, ಒಳಗಿನದೆಲ್ಲ ಕ್ಲೌಡ್‌ನಲ್ಲಿ ಇರುತ್ತದೆ.

ಇಷ್ಟಾದ ಮೇಲೆಯೇ ಅಕೌಂಟ್ ಕಡೆ ತಿರುಗಿದ್ದು. ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್‌ನಲ್ಲಿ, ಒಬ್ಬೊಬ್ಬ ಯೂಸರ್‌ಗೆ ಒಂದರಂತೆ, ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಾಲುಗಳಿರುತ್ತವೆ. ಒಂದೇ ನಂಬರ್ ಎರಡು ಸಲ ಇದ್ದು, ಒಂದರ ಕೊನೆಯಲ್ಲಿ ಡಾಟ್ ಬಿಎಕೆ ಇದ್ದರೆ ಅದೇ ಹಳೆಯದು. ಇನ್ನೊಂದರ ಹೆಸರು ಬದಲಿಸಿ, ಹಳೆಯದರ ಬಿಎಕೆ ತೆಗೆದು, ಸ್ಟೇಟ್ ಬೆಲೆ 0 ಮಾಡಿ ರೀಸ್ಟಾರ್ಟ್ ಕೊಟ್ಟರೆ ಕೆಲವು ಸಲ ಹಳೆ ಡೆಸ್ಕ್‌ಟಾಪ್ ಹಾಗೇ ವಾಪಸ್ ಬರುತ್ತದೆ. ಅಕ್ಕನದು ಬರಲಿಲ್ಲ. ಎನ್‌ಟಿಯೂಸರ್ ಫೈಲೇ ಹಾಳಾಗಿತ್ತು. ಹೊಸ ಅಕೌಂಟ್ ಮಾಡಿ ಫೈಲ್ ತುಂಬಿದೆ. ಹಳೆಯ ಎನ್‌ಟಿಯೂಸರ್ ಹೆಸರಿನ ಫೈಲ್‌ಗಳನ್ನು ಮಾತ್ರ ತರಲಿಲ್ಲ. ತಂದರೆ ಹಳೆ ರೋಗವೂ ಜೊತೆಗೆ ಬರುತ್ತದೆ.

ಹೊಸ ಅಕೌಂಟ್‌ನಲ್ಲಿ ಮೊದಲ ಲಗ್ನಪತ್ರಿಕೆ ತೆರೆದಾಗ ಅಕ್ಕನ ಮುಖ ಬಾಡಿತು. ‘ಕನ್ನಡ’ ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ಆಮೇಲೆ ನೆತ್ತಿಯ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು. "ಎಲ್ಲಾ ಹಾಳಾಗಿದೆಯಲ್ಲೋ!" ಫೈಲ್ ಚೆನ್ನಾಗೇ ಇತ್ತು, ಕನ್ನಡ ಟೈಪಿಂಗ್‌ನ ನುಡಿ ಸಾಫ್ಟ್‌ವೇರಿನ ಫಾಂಟ್ ಇರಲಿಲ್ಲ ಅಷ್ಟೇ. ಹಳೆಯ ನುಡಿ ಫಾಂಟ್ ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲೇ ಕನ್ನಡ ತೋರಿಸುತ್ತದೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ, ಫಾಂಟ್ ಫೈಲ್ ತೆರೆದು ಇನ್‌ಸ್ಟಾಲ್ ಒತ್ತಿದರೆ ಅದು ಆ ಒಬ್ಬ ಯೂಸರ್‌ಗೆ ಮಾತ್ರ ಸೇರುತ್ತದೆ. ಹಾಗಾಗಿ ಅಕ್ಕನ ನುಡಿ ಫಾಂಟ್‌ಗಳು ಹಳೆಯ ಆ್ಯಪ್‌ಡೇಟಾದ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಸರಣಿ ಫೋಲ್ಡರ್‌ಗಳ ಕೊನೆಯಲ್ಲಿ ಕೂತಿದ್ದವು. ಎಲ್ಲವನ್ನೂ ಆರಿಸಿ, ರೈಟ್ ಕ್ಲಿಕ್ ಮಾಡಿ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಟ್ಟೆ. ವರ್ಡ್ ಮುಚ್ಚಿ ತೆರೆದಾಗ ವಧುವರರ ಹೆಸರು ಕನ್ನಡದಲ್ಲಿ ಬಂತು. ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದವರಿಗೆ ಈ ತೊಂದರೆ ಬರುವುದಿಲ್ಲ. ಆದರೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫೈಲ್ ರಾಶಿ ರಾಶಿ ಇವೆ. ಫೈಲ್ ಕೆಟ್ಟಿದೆ ಎಂದುಕೊಂಡು ಯಾರೂ ಅವನ್ನು ಅಳಿಸದಿರಲಿ.

ಹಳೆ ಯೂಸರ್ ಫೋಲ್ಡರನ್ನು ಇನ್ನೂ ಅಳಿಸಿಲ್ಲ. ಅಪರೂಪಕ್ಕೆ ಬೇಕಾಗುವ ಫೈಲ್ ನೆನಪಾಗುವುದು ಯಾವತ್ತೋ. ಡಾಕ್ಯುಮೆಂಟ್ಸ್‌ನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಬದಲಿಸಿ ಅದನ್ನು ಡಿ ಡ್ರೈವ್‌ಗೆ ಸಾಗಿಸಿದೆ. ಡಿ ಡ್ರೈವ್ ಇರುವುದೂ ಅದೇ ಹಾರ್ಡ್ ಡಿಸ್ಕಿನಲ್ಲಿ ಆದ್ದರಿಂದ, ಶನಿವಾರ ಅಂಗಡಿ ಮುಚ್ಚುವ ಮೊದಲು ಒಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಲು ಅಕ್ಕನಿಗೆ ಹೇಳಿಕೊಟ್ಟೆ. ಯುಪಿಎಸ್‌ಗೆ ಹೊಸ ಬ್ಯಾಟರಿಯನ್ನು ಅವತ್ತೇ ಕೂರಿಸಿದೆವು.